ತೂತು ಹೊಡೆದ ಸಂಬಳದ ಚೀಟಿ: 1782ರ ಕನೆಕ್ಟಿಕಟ್ ಕಾಗದವನ್ನು ಓದಲು ನೆರವು ಬೇಕು

ಹಳೆಕಾಗದ (ಮೈಸೂರು) ಬರೆದದ್ದು:

ಎಲ್ಲರಿಗೂ ನಮಸ್ಕಾರ. ಆರು ವಾರ ಕಾದ ಮೇಲೆ ನಿನ್ನೆ ಅಂಚೆಯವರು ದಪ್ಪ ರಟ್ಟಿನ ಲಕೋಟೆಯೊಂದನ್ನು ತಂದುಕೊಟ್ಟರು. ಒಳಗಿರುವುದು ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಗದ. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದ್ದು. 1782ರ ಜೂನ್‌ನಲ್ಲಿ ಹಾರ್ಟ್‌ಫರ್ಡ್‌ನ ‘ಪೇ-ಟೇಬಲ್’ ಕಚೇರಿಯಿಂದ ಕನೆಕ್ಟಿಕಟ್ ರಾಜ್ಯದ ಖಜಾಂಚಿಗೆ ಹೋದ ಆದೇಶ. ಇಂಥ ಕ್ಯಾಪ್ಟನ್‌ನ ತುಕಡಿಯ ಇಂಥ ಸೈನಿಕನಿಗೆ ಎಂಟು ಪೌಂಡು ಕೊಟ್ಟು ರಾಜ್ಯದ ಲೆಕ್ಕಕ್ಕೆ ಬರೆದುಕೊಳ್ಳಿ ಎಂಬುದಷ್ಟೇ ಅದರ ಒಕ್ಕಣೆ.

ಕಾಗದವನ್ನು ಕಿಟಕಿಗೆ ಹಿಡಿದರೆ ಒತ್ತೊತ್ತಾಗಿ ಸಾಗುವ ಸಣ್ಣ ಗೆರೆಗಳೂ ಅವನ್ನು ಅಡ್ಡಹಾಯುವ ದೂರದೂರದ ಗೆರೆಗಳೂ ಕಾಣುತ್ತವೆ. ಶಾಯಿ ಈಗ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದೆ. ಗೀಟು ದಪ್ಪವಾಗಿರುವ ಕಡೆ ಹಿಂಬದಿಗೂ ಇಳಿದಿದೆ. ಕೆಳಗೆ ಆಲಿವರ್ ವೋಲ್ಕಾಟ್ ಜೂನಿಯರ್ ಎಂಬ ಸಹಿ ಇದೆ. ಸೈನಿಕನ ಹೆಸರು ಓದಲು ಬರುತ್ತದೆ, ಆದರೆ ಬೇರೆ ದಾಖಲೆಯ ಜೊತೆ ತಾಳೆ ನೋಡುವವರೆಗೆ ಅದನ್ನು ಇಲ್ಲಿ ಹಾಕುವುದಿಲ್ಲ.

ನಡುವೆ, ಸ್ವಲ್ಪ ಬಲಕ್ಕೆ, ಕಿರುಬೆರಳು ತೂರುವಷ್ಟು ಒಂದು ತೂತು. ಹುಳು ತಿಂದದ್ದಲ್ಲ, ಅಂಚು ದುಂಡಗೆ ಶುದ್ಧವಾಗಿದೆ. ಹಿಂಬದಿಯಲ್ಲಿ ಬೇರೆ ಕೈಬರಹದ ಮೂರು ಸಾಲು, ಅದರ ಕೆಳಗೆ ಗುಣಾಕಾರ ಚಿಹ್ನೆಯಂಥ ಒಂದು ಗುರುತು. ಆ ಮೂರು ಸಾಲಿನಲ್ಲಿ ನನಗೆ ‘ಪೇ’ ಮತ್ತು ‘ಆರ್ಡರ್’ ಬಿಟ್ಟರೆ ಏನೂ ದಕ್ಕಿಲ್ಲ. ಇದು ಅಸಲಿಯೇ, ತೂತು ಯಾತಕ್ಕೆ, ಹಿಂದೆ ಏನು ಬರೆದಿದೆ ಎಂದು ಬಲ್ಲವರು ತಿಳಿಸಬೇಕು.

ಚಾರ್ಲ್ಸ್‌ನದಿ (ಬಾಸ್ಟನ್) ಬರೆದದ್ದು:

ಫೋಟೋ ನೋಡಿದೆ. ನನ್ನ ಕಣ್ಣಿಗೆ ಅಸಲಿ. ಇಂಥವನ್ನು ಹದಿನೈದು ವರ್ಷಗಳಿಂದ ಕೂಡಿಡುತ್ತಿದ್ದೇನೆ.

ಪೇ-ಟೇಬಲ್ ಸಮಿತಿ ಎಂದರೆ ಯುದ್ಧದ ಖರ್ಚಿನ ಲೆಕ್ಕವನ್ನು ಪರಿಶೀಲಿಸಿ ಪಾವತಿಗೆ ಆದೇಶ ಕೊಡುತ್ತಿದ್ದ ಕನೆಕ್ಟಿಕಟ್‌ನ ಸಣ್ಣ ಕಚೇರಿ. ಸೈನಿಕನ ಸಂಬಳ, ಗಾಯಾಳುವನ್ನು ಊರಿಗೆ ಸಾಗಿಸಿದ ಗಾಡಿಯವನ ಬಾಡಿಗೆ, ಬಟ್ಟೆಯ ಬಾಬ್ತು ಎಲ್ಲವೂ ಅಲ್ಲಿಂದಲೇ ಹೋಗಬೇಕಿತ್ತು. ಆದೇಶ ತಲುಪುತ್ತಿದ್ದುದು ಖಜಾಂಚಿ ಜಾನ್ ಲಾರೆನ್ಸ್‌ಗೆ. ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ ಆರು ಡಾಲರ್ ಮತ್ತು ಮೂರರಲ್ಲಿ ಎರಡು ಪಾಲು. ನ್ಯೂ ಇಂಗ್ಲೆಂಡ್ ಲೆಕ್ಕದಲ್ಲಿ ಡಾಲರಿಗೆ ಆರು ಶಿಲಿಂಗ್. ಅಂದರೆ ತಿಂಗಳಿಗೆ ನಲವತ್ತು ಶಿಲಿಂಗ್, ಎರಡು ಪೌಂಡು. ನಿಮ್ಮ ಚೀಟಿಯ ಎಂಟು ಪೌಂಡು ಒಬ್ಬ ಸೈನಿಕನ ನಾಲ್ಕು ತಿಂಗಳ ದುಡಿಮೆಗೆ ಸಮ.

ಸಹಿಯ ಬಗ್ಗೆ ಒಂದು ಎಚ್ಚರಿಕೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು ತಂದೆ ಆಲಿವರ್ ವೋಲ್ಕಾಟ್. ಪೇ-ಟೇಬಲ್ ಚೀಟಿಗಳಲ್ಲಿ ಕಾಣುವುದು ಮಗ. ಮಗನೂ ಕಡಿಮೆಯವನಲ್ಲ, ಹ್ಯಾಮಿಲ್ಟನ್ ನಂತರ 1795ರಲ್ಲಿ ದೇಶದ ಎರಡನೆಯ ಖಜಾನೆ ಕಾರ್ಯದರ್ಶಿಯಾದವನು. ಆದರೆ ‘ಘೋಷಣೆಗೆ ಸಹಿ ಹಾಕಿದವರ ಹಸ್ತಾಕ್ಷರ’ ಎಂದು ಹೇಳಿ ಮಗನ ಚೀಟಿಗೆ ತಂದೆಯ ಬೆಲೆ ಕೇಳುವವರಿದ್ದಾರೆ.

ತೂತು ರದ್ದತಿಯ ಗುರುತು. ಹಣ ಪಾವತಿಯಾದ ಮೇಲೆ ಅದೇ ಚೀಟಿ ಮತ್ತೆ ಖಜಾನೆಗೆ ಬರದಿರಲೆಂದು ತೂತು ಹೊಡೆಯುತ್ತಿದ್ದರು, ಇಲ್ಲವೇ ಕತ್ತರಿಯಿಂದ ಸೀಳುತ್ತಿದ್ದರು.

ನಾಣ್ಯಪೆಟ್ಟಿಗೆ ಬರೆದದ್ದು:

ಬೇಸರ ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ತೂತು ಬಿದ್ದದ್ದು ಹಾಳಾದ ವಸ್ತು. ಅದೇ ಹಣಕ್ಕೆ ಇಡಿಯಾಗಿರುವ ಕಾಂಟಿನೆಂಟಲ್ ನೋಟು ಸಿಗುತ್ತಿತ್ತು. ಯುದ್ಧದ ಖರ್ಚಿಗೆಂದು ಅಲ್ಲಿನ ವಸಾಹತುಗಳ ಕೂಡುಸಭೆಯಾದ ಕಾಂಗ್ರೆಸ್ ಅಚ್ಚು ಹಾಕಿಸಿದ ಕಾಗದದ ಹಣ ಅದು. ನನ್ನ ಬಳಿ 1776ರ ಆರು ಡಾಲರಿನದು ಇದೆ. ಮರದ ಬುಡ ಕಡಿಯುತ್ತಿರುವ ಬೀವರ್, ಅದರ ಸುತ್ತ ‘ಪರ್ಸೆವೆರಾಂಡೊ’ ಎಂಬ ಲ್ಯಾಟಿನ್ ಮಾತು. ಪಟ್ಟು ಬಿಡದೆ ಮುಂದುವರಿಯುವುದರಿಂದ ಎಂದು ಅರ್ಥ. ದೊಡ್ಡ ಮರ ಬ್ರಿಟನ್, ಸಣ್ಣ ಪ್ರಾಣಿ ವಸಾಹತುಗಳು.

ಹಿಂಬದಿಯಲ್ಲಿ ನಿಜವಾದ ಎಲೆಯಿಂದ ಎರಕ ತೆಗೆದು ಒತ್ತಿದ ಅಚ್ಚು. ಬೆಂಜಮಿನ್ ಫ್ರಾಂಕ್ಲಿನ್ ಈ ಉಪಾಯವನ್ನು ಯುದ್ಧಕ್ಕೆ ಎಷ್ಟೋ ವರ್ಷ ಮೊದಲೇ ಪೆನ್ಸಿಲ್ವೇನಿಯಾದ ಸುತ್ತಮುತ್ತಲಿನ ನೋಟುಗಳಿಗೆ ಬಳಸಿದ್ದ. ಎಲೆಯ ನರಗಳು ಒಂದರಂತೆ ಒಂದಿರುವುದಿಲ್ಲ, ಕೈಯಲ್ಲಿ ಕೆತ್ತಿ ನಕಲು ಮಾಡುವುದು ಕಷ್ಟ. ಕಾಗದದೊಳಗೆ ಅಭ್ರಕದ ಚೂರುಗಳು, ನೀಲಿ ನೂಲಿನ ಎಳೆಗಳು. ಬಿಸಿಲಿಗೆ ಓರೆ ಹಿಡಿದರೆ ಮಿನುಗುತ್ತದೆ. ಅದೇ ವರ್ಷದ ಫೆಬ್ರುವರಿಯ ಚಿಲ್ಲರೆ ನೋಟುಗಳಲ್ಲಂತೂ ಬಿಸಿಲು ಗಡಿಯಾರ, ಒಂದಕ್ಕೊಂದು ಹೆಣೆದ ಹದಿಮೂರು ಬಳೆ, ‘ನಿನ್ನ ಕೆಲಸ ನೀನು ನೋಡಿಕೊ’ ಎಂಬ ಬರಹ. ಇಷ್ಟೆಲ್ಲ ಇರುವಾಗ ಕೈಬರಹದ ಒಂದು ತೂತು ಚೀಟಿ ಯಾಕೆ?

ಶಾನುಭೋಗರಮೊಮ್ಮಗಳು ಬರೆದದ್ದು:

ನಾಣ್ಯಪೆಟ್ಟಿಗೆಯವರೇ, ಆ ತೂತನ್ನು ಹಾಳು ಎನ್ನಬೇಡಿ. ನಮ್ಮ ತಾತ ಊರಿನ ಲೆಕ್ಕ ಬರೆಯುತ್ತಿದ್ದವರು. ಪ್ರೋನೋಟು ತೀರಿದ ದಿನ ಸಹಿ ಇರುವ ಭಾಗವನ್ನು ಹರಿದು ಸಾಲ ಮಾಡಿದವನ ಕೈಗೆ ಕೊಡುತ್ತಿದ್ದರು. ಆ ಹರುಕು ಚೂರನ್ನು ಜನ ದೇವರ ಗೂಡಿನಲ್ಲಿ ಇಟ್ಟುಕೊಂಡದ್ದನ್ನು ನಾನು ಕಂಡಿದ್ದೇನೆ. ಹರಿದ ಕಾಗದಕ್ಕೆ ಇಡೀ ಕಾಗದಕ್ಕಿಂತ ಹೆಚ್ಚು ಮರ್ಯಾದೆ.

ನಿಮ್ಮ ಬೀವರ್ ನೋಟು ಅಂದವಾಗಿದೆ, ಒಪ್ಪುತ್ತೇನೆ. ಆದರೆ ಅದು ನಿಮ್ಮ ಕೈಗೆ ಇಡಿಯಾಗಿ ಬಂದದ್ದು ಹೇಗೆ ಎಂದು ಯೋಚಿಸಿದ್ದೀರಾ? ಅದರ ಮೇಲೆ ಅಚ್ಚಾಗಿರುವ ಮಾತು, ಈ ಚೀಟಿ ತಂದವನಿಗೆ ಆರು ಸ್ಪ್ಯಾನಿಷ್ ಡಾಲರ್ ಅಥವಾ ಅಷ್ಟು ಬೆಲೆಯ ಚಿನ್ನ ಬೆಳ್ಳಿ ಸಲ್ಲುತ್ತದೆ ಎಂದು. ಸಲ್ಲಲಿಲ್ಲ. ಕಾಂಗ್ರೆಸ್ ಒಟ್ಟು 24 ಕೋಟಿ ಡಾಲರಿಗೂ ಹೆಚ್ಚು ಅಚ್ಚು ಹಾಕಿಸಿತು. ತೆರಿಗೆ ಹಾಕುವ ಅಧಿಕಾರ ಅದಕ್ಕೆ ಇರಲಿಲ್ಲ. 1780ರ ಮಾರ್ಚ್ 18ರಂದು ನಲವತ್ತು ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಎಂದು ತಾನೇ ಒಪ್ಪಿಕೊಂಡಿತು. 1790ರಲ್ಲಿ ಬಾಂಡ್ ಕೊಟ್ಟು ವಾಪಸು ಪಡೆದಾಗ ದರ ನೂರಕ್ಕೆ ಒಂದು. ‘ಕಾಂಟಿನೆಂಟಲ್‌ನಷ್ಟೂ ಬೆಲೆಯಿಲ್ಲ’ ಎಂಬ ನುಡಿಗಟ್ಟು ಅವರ ಭಾಷೆಯಲ್ಲಿ ಇಂದಿಗೂ ಇದೆ. ಇಡಿಯಾಗಿ ಉಳಿದ ನೋಟು ಎಂದರೆ ಯಾರದೋ ಪೆಟ್ಟಿಗೆಯಲ್ಲಿ ಕೊಳೆತ ನಂಬಿಕೆ. ಹಳೆಕಾಗದ ಅವರ ಚೀಟಿಯಲ್ಲಿ ತೂತಿದೆ, ಅಂದರೆ ಅಲ್ಲಿ ಕೊಟ್ಟ ಮಾತು ನಡೆದಿದೆ. ನನಗೆ ಬೇಕಾದದ್ದು ಅದೇ.

ನಿವೃತ್ತಮೇಷ್ಟ್ರು ಬರೆದದ್ದು:

ಕೊಟ್ಟ ಮಾತಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಆ ಕಾಲದ ಕಾಗದಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮ್ಯಾಸಚೂಸೆಟ್ಸ್ ರಾಜ್ಯ 1780ರ ಜನವರಿ 1ರ ತಾರೀಖಿನಲ್ಲಿ ಸೈನಿಕರಿಗೆ ಕೊಟ್ಟ ಸಾಲಪತ್ರ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ್ದೇನೆ, ಇಂಥ ಪಾಠ ಪುಸ್ತಕದಲ್ಲಿ ಸಿಗಲಿಲ್ಲ.

ನೋಟಿನ ಬೆಲೆ ದಿನದಿನಕ್ಕೆ ಕುಸಿಯುತ್ತಿತ್ತು. ಊರು ಬಿಟ್ಟು ಹೋದ ಸೈನಿಕನ ಸಂಬಳ ಮನೆ ತಲುಪುವ ಹೊತ್ತಿಗೆ ಅದರಲ್ಲಿ ಹಿಟ್ಟೂ ಬರುತ್ತಿರಲಿಲ್ಲ. ಆಗ ಆ ರಾಜ್ಯ ಹೀಗೆ ಬರೆದುಕೊಟ್ಟಿತು. ಐದು ಬುಶೆಲ್ (ಧಾನ್ಯದ ಅಳತೆ) ಮೆಕ್ಕೆಜೋಳ, ಅರವತ್ತೆಂಟು ಮತ್ತು 4/7 ಪೌಂಡು ದನದ ಮಾಂಸ, ಹತ್ತು ಪೌಂಡು ಕುರಿಯ ಉಣ್ಣೆ, ಹದಿನಾರು ಪೌಂಡು ಅಟ್ಟೆಯ ತೊಗಲು. ಇವೆಲ್ಲಕ್ಕೂ ಸೇರಿ ಈಗ 130 ಪೌಂಡು ಹಣ ಆಗುತ್ತದೆ. ಸಾಲ ತೀರಿಸುವ ದಿನ ಇವುಗಳ ಬೆಲೆ ಇದಕ್ಕಿಂತ ಹೆಚ್ಚಾದರೆ ನಿನಗೂ ಅಷ್ಟೇ ಹೆಚ್ಚು, ಕಡಿಮೆಯಾದರೆ ಅಷ್ಟೇ ಕಡಿಮೆ. ಮೇಲೆ ನೂರಕ್ಕೆ ಆರರ ಬಡ್ಡಿ. ಈ 130 ಪೌಂಡು 1777ರ ಕಾನೂನಿನಲ್ಲಿ ಗೊತ್ತುಮಾಡಿದ ಬೆಲೆಯ ಮೂವತ್ತೆರಡೂವರೆ ಪಟ್ಟು ಎಂದು ಪತ್ರವೇ ಹೇಳುತ್ತದೆ. ಭಾಗಾಕಾರ ಮಾಡಿ ನೋಡಿ, ಸರಿಯಾಗಿ ನಾಲ್ಕು ಪೌಂಡು ಬರುತ್ತದೆ. ಮೂರೇ ವರ್ಷದಲ್ಲಿ ನಾಲ್ಕು ಪೌಂಡಿನ ಸಾಮಾನು 130ಕ್ಕೆ ಏರಿತ್ತು.

ನಮ್ಮ ನೌಕರರ ತುಟ್ಟಿಭತ್ಯೆಯ ತಿರುಳು ಇದೇ ಅಲ್ಲವೇ? ಬೆಲೆ ಸೂಚ್ಯಂಕ ಎಂಬ ಮಾತು ಬಳಕೆಗೆ ಬರುವ ಮೊದಲೇ ಹಸಿವು, ಚಳಿ, ಸವೆದ ಬೂಟು ಮೂರನ್ನೂ ಒಂದು ಸಾಲಪತ್ರಕ್ಕೆ ಕಟ್ಟಿದ್ದರು. ಹಣದುಬ್ಬರಕ್ಕೆ ಹೊಂದಿಕೊಳ್ಳುವ ಬಾಂಡ್‌ಗಳ ಚರಿತ್ರೆ ಬರೆಯುವವರು ಈ ಪತ್ರದಿಂದಲೇ ಶುರುಮಾಡುತ್ತಾರೆ. ಬಾಸ್ಟನ್ನಿನ ಯಾರೋ ಗುಮಾಸ್ತ ಅಟ್ಟೆಯ ತೊಗಲನ್ನು ಮರೆಯದೆ ಸೇರಿಸಿದನಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ.

ಹೊಸಬ_22 ಬರೆದದ್ದು:

ದಯವಿಟ್ಟು ನನ್ನಂಥ ಹೊಸಬರಿಗೂ ದಾರಿ ತೋರಿಸಿ. ಕಳೆದ ವರ್ಷ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಐದು ಕಾಂಟಿನೆಂಟಲ್ ನೋಟುಗಳನ್ನು ಒಟ್ಟಿಗೆ ಕೊಂಡೆ. ಕಾಗದ ಹಪ್ಪಳದ ಹಾಗೆ ಗರಿಗರಿ, ಬಣ್ಣ ಚಹಾದ್ದು. ಐದರಲ್ಲೂ ಸಹಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ತರಹ. ಮೂರು ತಿಂಗಳ ಉಳಿತಾಯ ಹೋಯಿತು. ಹಣ ಕೇಳಿದರೆ ಉತ್ತರವೇ ಇಲ್ಲ. ಅಂದಿನಿಂದ ಯಾವ ಕಾಗದ ಕಂಡರೂ ಕೈ ಹಿಂದೆ ಸರಿಯುತ್ತದೆ.

ಚಾರ್ಲ್ಸ್‌ನದಿ ಬರೆದದ್ದು:

ಓದಿ ಸಂಕಟವಾಯಿತು. ಅವು ನೆನಪಿನ ಕಾಣಿಕೆಯಾಗಿ ಮಾರಿದ ನಕಲುಗಳು. 1976ರಲ್ಲಿ ಇಲ್ಲಿ ಸ್ವಾತಂತ್ರ್ಯದ ಇನ್ನೂರನೆಯ ವರ್ಷ ಆಚರಿಸಿದ ಕಾಲದಲ್ಲಿ ಇಂಥವು ರಾಶಿರಾಶಿ ಬಂದವು. 1973ರ ಕಾನೂನು ನಕಲಿನ ಮೇಲೆ ‘ಕಾಪಿ’ ಎಂದು ಅಚ್ಚು ಹಾಕಲೇಬೇಕು ಎನ್ನುತ್ತದೆ, ಆದರೆ ಅದಕ್ಕೂ ಹಿಂದಿನವುಗಳಲ್ಲಿ ಆ ಮಾತಿಲ್ಲ. ಕೆಲವರು ‘ಕಾಪಿ’ ಎಂದಿರುವ ಮೂಲೆಯನ್ನೇ ಕತ್ತರಿಸಿಬಿಡುತ್ತಾರೆ.

ಹಳೆಯದು ಎಂದರೆ ಕಂದು ಬಣ್ಣಕ್ಕೆ ತಿರುಗಿ ಮುರಿಯುವಂತಿರಬೇಕು ಎಂಬ ಕಲ್ಪನೆಯೇ ಮೋಸಗಾರರಿಗೆ ಅನುಕೂಲ. ಅಸಲಿ ಕಾಗದವನ್ನು ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. ಅದು ಇನ್ನೂರೈವತ್ತು ವರ್ಷದ ನಂತರವೂ ಒಗೆದ ಪಂಚೆಯ ಹಾಗೆ ಮೆತ್ತಗೆ ಇರುತ್ತದೆ. ಗರಿಗರಿಯಾಗಿದ್ದರೆ ಅನುಮಾನಿಸಿ. ಎರಡನೆಯದು ಸಹಿ. ಕಾಂಟಿನೆಂಟಲ್ ನೋಟಿಗೆ ಜನ ಕೂತು ಕೈಯಿಂದಲೇ ಸಹಿ ಹಾಕಿದ್ದಾರೆ, ನೋಟಿನ ಸಂಖ್ಯೆಯನ್ನೂ ಕೈಯಿಂದಲೇ ಬರೆದಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಶಾಯಿ ಎಳೆಗಳೊಳಗೆ ಇಂಗಿರಬೇಕು, ಸಣ್ಣ ಚುಕ್ಕೆಗಳ ಸಾಲಾಗಿ ಕಂಡರೆ ಅದು ಆಧುನಿಕ ಮುದ್ರಣ. ಅಚ್ಚಿನ ಮೊಳೆ ಒತ್ತಿದ ತಗ್ಗು ಹಿಂಬದಿಯಲ್ಲಿ ಬೆರಳಿಗೆ ತಿಳಿಯುತ್ತದೆ.

ಮೂರನೆಯದು, ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ನೇರಳೆ ಟಾರ್ಚ್. ಕಳೆದ ಶತಮಾನದ ನಡುವಿನಿಂದೀಚೆಗಿನ ಕಾಗದಕ್ಕೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿಸುತ್ತಾರೆ, ಅದು ನೀಲಿಯಾಗಿ ಹೊಳೆಯುತ್ತದೆ. ಹಳೆಯ ಚಿಂದಿ ಕಾಗದ ಮಂಕಾಗಿಯೇ ಇರುತ್ತದೆ, ಆ ಕಾಲದವರು ಬರೆಯುತ್ತಿದ್ದ, ಕಬ್ಬಿಣದ ಅಂಶವಿರುವ ಶಾಯಿ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಹಳೆಕಾಗದ ಅವರೇ, ನಿಮ್ಮದನ್ನೂ ಒಂದು ಸಾರಿ ನೋಡಿ.

ಇನ್ನೊಂದು ವಿಚಿತ್ರವೂ ಇದೆ. ಯುದ್ಧದ ಕಾಲದಲ್ಲೇ ಹುಟ್ಟಿದ ಖೋಟಾ ನೋಟುಗಳನ್ನು ನಾವು ಹುಡುಕಿಕೊಂಡು ಹೋಗಿ ಕೊಳ್ಳುತ್ತೇವೆ. ಬ್ರಿಟಿಷರ ಹಿಡಿತದಲ್ಲಿದ್ದ ನ್ಯೂಯಾರ್ಕ್‌ನಲ್ಲಿ ಖೋಟಾ ನೋಟು ಸಿಗುತ್ತದೆ ಎಂದು 1777ರಲ್ಲಿ ಪತ್ರಿಕೆಯಲ್ಲಿ ಜಾಹೀರಾತೇ ಬಂದಿತ್ತು. ಹಾವಳಿ ಎಷ್ಟಾಯಿತೆಂದರೆ 1777ರ ಮೇ ಮತ್ತು 1778ರ ಏಪ್ರಿಲ್‌ನ ಎರಡು ಆವೃತ್ತಿಗಳನ್ನು ಕಾಂಗ್ರೆಸ್ ಪೂರ್ತಿಯಾಗಿ ಹಿಂದಕ್ಕೆ ಕರೆಸಿಕೊಂಡಿತು. ಆ ಖೋಟಾವೂ ಈಗ ಚರಿತ್ರೆಯ ಸಾಕ್ಷಿ. ನಿಮಗೆ ಮಾರಿದ್ದು ಮಾತ್ರ ಬರೀ ವಂಚನೆ.

ಹೊಸಬ_22 ಬರೆದದ್ದು:

ತುಂಬಾ ಉಪಕಾರವಾಯಿತು. ಕಡಿಮೆ ಹಣದಲ್ಲಿ ಧೈರ್ಯವಾಗಿ ಯಾವುದರಿಂದ ಶುರುಮಾಡಬಹುದು?

ನಾಣ್ಯಪೆಟ್ಟಿಗೆ ಬರೆದದ್ದು:

ಫ್ರಾನ್ಸಿನ ಅಸಿಞ್ಯಾ ತೆಗೆದುಕೊಳ್ಳಿ. ಅಲ್ಲಿನ ಕ್ರಾಂತಿ ಸರ್ಕಾರ 1789ರಿಂದ 1796ರವರೆಗೆ, ಮುಟ್ಟುಗೋಲು ಹಾಕಿಕೊಂಡ ಚರ್ಚ್ ಜಮೀನುಗಳ ಆಧಾರದ ಮೇಲೆ ಹೊರಡಿಸಿದ ಕಾಗದ. ಹತ್ತಿಪ್ಪತ್ತು ಯೂರೋಗೆ ಸಣ್ಣ ಬೆಲೆಯವು ಸಿಗುತ್ತವೆ. ನಕಲು ಮಾಡಿದವನಿಗೆ ಮರಣದಂಡನೆ, ಸುಳಿವು ಕೊಟ್ಟವನಿಗೆ ಬಹುಮಾನ ಎಂದು ನೋಟಿನ ಮೇಲೆಯೇ ಬರೆದಿದೆ. ಶಾಯಿಯಿಲ್ಲದೆ ಒತ್ತಿದ ಉಬ್ಬುಮುದ್ರೆಯನ್ನು ಬೆರಳಿನಿಂದ ಸವರಿ ನೋಡಿ. 1796ರ ಫೆಬ್ರುವರಿ 19ರಂದು ಪ್ಯಾರಿಸ್‌ನ ವಾಂಡೋಮ್ ಚೌಕದಲ್ಲಿ ಅಚ್ಚಿನ ಸಲಕರಣೆಗಳನ್ನು ಜನರೆದುರು ಸುಟ್ಟುಹಾಕಿದರು.

ಶಾನುಭೋಗರಮೊಮ್ಮಗಳು, ನಿಮ್ಮ ಮಾತನ್ನು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ತೂತಿನ ಬಗ್ಗೆ ಅರ್ಧ ಒಪ್ಪಿದ್ದೇನೆ.

ಇಂಡೆಂಟ್‌ಗುಮಾಸ್ತ ಬರೆದದ್ದು:

ನಾನು ಸರ್ಕಾರಿ ಕಚೇರಿಯಲ್ಲಿ ಉಗ್ರಾಣ ನೋಡಿಕೊಂಡವನು. ಕಾಗದ, ಪೆನ್ನು, ಫೈಲು ಬೇಕಾದರೆ ‘ಇಂಡೆಂಟ್ ಹಾಕಿ’ ಎಂದು ದಿನಕ್ಕೆ ಹತ್ತು ಸಾರಿ ಹೇಳಿದ್ದೇನೆ. ಆ ಪದದ ಬೇರು ಈ ಕಾಗದಗಳನ್ನು ನೋಡುವಾಗ ಕಣ್ಣಿಗೇ ಬಿತ್ತು.

1776ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಜನರಿಂದ ಐವತ್ತು ಲಕ್ಷ ಡಾಲರ್ ಸಾಲ ಎತ್ತಲು ರಾಜ್ಯಕ್ಕೊಂದು ಸಾಲ ಕಚೇರಿ ತೆರೆಯಿತು. ಬಡ್ಡಿ ಮೊದಲು ನೂರಕ್ಕೆ ನಾಲ್ಕು, ಯಾರೂ ಬರದಿದ್ದಾಗ ಆರು. ಆ ಸಾಲಪತ್ರದ ಎಡ ಅಂಚಿನಲ್ಲಿ ಬಳ್ಳಿಯಂಥ ಚಿತ್ತಾರ ಇರುತ್ತದೆ. ಅದರ ಮಧ್ಯೆ ಅಂಕುಡೊಂಕಾಗಿ ಕತ್ತರಿಸಿ ಪತ್ರವನ್ನು ಸಾಲ ಕೊಟ್ಟವನಿಗೆ ಕೊಡುತ್ತಿದ್ದರು, ಉಳಿದರ್ಧ ಪುಸ್ತಕದಲ್ಲೇ ಉಳಿಯುತ್ತಿತ್ತು. ಹಣ ಕೇಳಲು ಬಂದಾಗ ಎರಡು ಅಂಚನ್ನೂ ಸೇರಿಸಿ ನೋಡುವುದು, ಹಲ್ಲಿಗೆ ಹಲ್ಲು ಕೂತರೆ ಅಸಲಿ. ಈ ಹಲ್ಲು ಹಲ್ಲಾದ ಅಂಚೇ ಇಂಡೆಂಟ್. ಯುದ್ಧ ಮುಗಿದ ಮೇಲೆ ಬಡ್ಡಿಗೆ ಬದಲಾಗಿ ಕೊಟ್ಟ ಚೀಟಿಗಳನ್ನೂ ಇಂಡೆಂಟ್ ಎಂದೇ ಕರೆದರು. ಇಂಥ ಪತ್ರ ಕೊಳ್ಳುವವರು ಎಡ ಅಂಚನ್ನು ನೋಡದೆ ಹಣ ಕೊಡಬೇಡಿ. ನೇರವಾಗಿ ಟ್ರಿಮ್ ಮಾಡಿದ್ದರೆ ಪತ್ರದ ಜೀವ ಹೋದಂತೆ.

ಅದೇ ಸಾಲದ ಬಡ್ಡಿಯನ್ನು ಮುಂದೆ ಫ್ರಾನ್ಸಿನ ಮೇಲೆ ಬರೆದ ಹುಂಡಿಗಳಲ್ಲಿ, ಅಂದರೆ ಅಲ್ಲಿ ತೋರಿಸಿ ಹಣ ಪಡೆಯುವ ಆದೇಶಪತ್ರಗಳಲ್ಲಿ, ಕೊಟ್ಟರು. ಹನ್ನೆರಡು ಡಾಲರಿಗೆ ಅರವತ್ತು ಲಿವ್ರ್ (ಅಂದಿನ ಫ್ರೆಂಚ್ ಹಣ). ಒಂದೇ ಹುಂಡಿಗೆ ನಾಲ್ಕು ಪ್ರತಿ, ಒಂದೊಂದನ್ನು ಒಂದೊಂದು ಹಡಗಿನಲ್ಲಿ ಕಳುಹಿಸಿದರೆ ಬ್ರಿಟಿಷರು ಮೂರನ್ನು ಹಿಡಿದರೂ ನಾಲ್ಕನೆಯದು ಪ್ಯಾರಿಸ್ ಮುಟ್ಟಲಿ ಎಂದು. ಒಂದಕ್ಕೆ ಹಣ ಕೊಟ್ಟರೆ ಉಳಿದ ಮೂರು ಅಲ್ಲಿಗೇ ರದ್ದು. ಸಾಲಗಳ ಖಜಾಂಚಿಯಾಗಿ ಅವುಗಳಿಗೆ ಸಹಿ ಹಾಕಿದವರು ಫ್ರಾನ್ಸಿಸ್ ಹಾಪ್ಕಿನ್ಸನ್, ನಿಜವಾಗಿಯೂ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರು. ಅಂಥವರ ಹಸ್ತಾಕ್ಷರ ಬೇಕೆನ್ನುವವರು ಈ ಹುಂಡಿಗಳನ್ನು ನೋಡಿ.

ಕಡಲತೀರ (ಉಡುಪಿ) ಬರೆದದ್ದು:

ಹಡಗಿನ ಮಾತು ಬಂದಾಗ ಸುಮ್ಮನಿರಲು ಆಗುವುದಿಲ್ಲ. 1782ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಪರವಾಗಿ ಡೆಲಾವೇರ್ ಕೊಲ್ಲಿಯನ್ನು ಕಾದ ಹಡಗಿನ ಹೆಸರು ‘ಹೈದರ್ ಅಲಿ’. ನಮ್ಮ ಹೈದರನೇ. ಪೊಳ್ಳಿಲೂರಿನಲ್ಲಿ 1780ರ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷರ ಸೈನ್ಯ ನುಚ್ಚುನೂರಾದ ಸುದ್ದಿ ಅಲ್ಲಿನ ಪತ್ರಿಕೆಗಳವರೆಗೆ ಹೋಗಿತ್ತು. ಶತ್ರುವಿನ ಶತ್ರು ಎಂದು ಅಭಿಮಾನದಿಂದ ಇಟ್ಟ ಹೆಸರು ಅದು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಈ ಹಡಗಿನಿಂದ ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೋಲಿಸಿ ವಶಪಡಿಸಿಕೊಂಡ. ಸೆರೆಸಿಕ್ಕ ಹಡಗಿಗೆ ‘ಜನರಲ್ ವಾಷಿಂಗ್ಟನ್’ ಎಂದು ಹೆಸರು ಬದಲಾಯಿತು. ಅದೇ ಹಡಗು ಮರುವರ್ಷ ಫ್ರಾನ್ಸಿನಿಂದ ಸಾಲದ ಹಣ ಹೊತ್ತು ತಂದಿತು. ಹಳೆಕಾಗದ ಅವರ ಚೀಟಿ ಆ ಕಾಳಗ ನಡೆದು ಎರಡು ತಿಂಗಳಾದ ಮೇಲಿನದು. ಮೈಸೂರಿನ ಮೇಜಿನ ಮೇಲೆ ಅದು ತೀರಾ ಪರಕೀಯವೇನಲ್ಲ.

ಒಂದು ಕೆಲಸದ ಮಾತು. ಕಬ್ಬಿಣದ ಶಾಯಿಗೆ ತೇವ ವೈರಿ. ನಮ್ಮ ಮಳೆಗಾಲದಲ್ಲಿ ಅದರ ಆಮ್ಲ ಕಾಗದವನ್ನೇ ತಿನ್ನುತ್ತದೆ, ಅಕ್ಷರ ಇದ್ದ ಕಡೆ ಅಕ್ಷರದ ಆಕಾರದ ಕಂಡಿ ಬೀಳುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಪಿವಿಸಿ ಚೀಲ ಬೇಡ, ಸೆಲ್ಲೊಟೇಪ್ ಬೇಡ. ಆಮ್ಲರಹಿತ ಕಾಗದದ ಜೊತೆ ಪಾಲಿಯೆಸ್ಟರ್ ಕವಚದಲ್ಲಿಟ್ಟು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮಲಗಿಸಿ. ಜೆಲ್ ಬಣ್ಣ ತಿರುಗಿದಾಗ ಬದಲಿಸಿ. ನಾನು ಒಂದು ವರ್ಷ ಮರೆತು ಆಷಾಢದಲ್ಲಿ ಕಳೆದುಕೊಂಡ ಪತ್ರವನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಳೆಕಾಗದ ಬರೆದದ್ದು:

ಎಲ್ಲರಿಗೂ ಕೃತಜ್ಞ. ನೇರಳೆ ಟಾರ್ಚ್ ಹಿಡಿದೆ, ಕಾಗದ ಮಂಕು, ಶಾಯಿ ಕಪ್ಪು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಓರೆಯಾಗಿಟ್ಟು ಹಿಂಬದಿಯ ಫೋಟೋ ತೆಗೆದು ಮೇಲೆ ಹಾಕಿದ್ದೇನೆ. ಲೇಖನಿಯ ತುದಿ ಗೀರಿದ ಗುರುತು ಈಗ ಕಾಣುತ್ತಿದೆ.

ಚಾರ್ಲ್ಸ್‌ನದಿ ಬರೆದದ್ದು:

ಓದಲು ಬಂತು. ‘ಒಳಗೆ ಬರೆದ ಮೊತ್ತವನ್ನು ಇಂಥವನಿಗೆ ಅಥವಾ ಅವನು ಹೇಳಿದವನಿಗೆ ಕೊಡಿ’ ಎಂದಿದೆ. ಕೆಳಗಿನದು ಸೈನಿಕನ ಗುರುತು. ಗುರುತಿನ ಮೇಲೆ ಕೆಳಗೆ ಸಣ್ಣದಾಗಿ ‘ಅವನ ಗುರುತು’ ಎಂದು ಬೇರೆಯವರು ಬರೆದಿದ್ದಾರೆ. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದಂತೆ, ಅಕ್ಷರ ಬಾರದವರು ಅಲ್ಲಿ ಹೀಗೆ ಗೀಟು ಹಾಕುತ್ತಿದ್ದರು.

ಅಂದರೆ ನಿಮ್ಮ ಸೈನಿಕ ಈ ಚೀಟಿಯನ್ನು ಬೇರೆಯವರಿಗೆ ಬರೆದುಕೊಟ್ಟಿದ್ದಾನೆ. ಖಜಾನೆಯಿಂದ ಎಂಟು ಪೌಂಡು ಪಡೆದವನು ಅವನಲ್ಲ. ಪಡೆದವನ ಹೆಸರಿನ ಮೊದಲ ಭಾಗ ತೂತಿನಲ್ಲಿ ಹೋಗಿದೆ, ಕೊನೆಯ ‘ಟನ್’ ಮಾತ್ರ ಉಳಿದಿದೆ. ಹಾಗೆ ಮುಗಿಯುವ ಮನೆತನದ ಹೆಸರುಗಳು ಅಲ್ಲಿ ಬೀದಿಗೊಂದು.

ಶಾನುಭೋಗರಮೊಮ್ಮಗಳು ಬರೆದದ್ದು:

ನನ್ನ ಎದೆ ಧಸಕ್ಕೆಂದಿತು. ತೂತು ಎಂದರೆ ಮಾತು ನಡೆಯಿತು ಎಂದು ಎಷ್ಟು ಗಟ್ಟಿಯಾಗಿ ಹೇಳಿದ್ದೆ! ರಾಜ್ಯ ಕೊಟ್ಟದ್ದು ನಿಜ. ಅವನ ಕೈಗೆ ಎಷ್ಟು ಸೇರಿತು? ಎಂಟು ಪೌಂಡಿನ ಚೀಟಿಯನ್ನು ಎಷ್ಟಕ್ಕೆ ಬಿಟ್ಟುಕೊಟ್ಟ?

ನಿವೃತ್ತಮೇಷ್ಟ್ರು ಬರೆದದ್ದು:

ಆ ಪ್ರಶ್ನೆಯೇ ಮುಂದೆ ಇಡೀ ದೇಶದ ಪ್ರಶ್ನೆಯಾಯಿತು. ಯುದ್ಧ ಮುಗಿದಾಗ ಸೈನಿಕರಿಗೆ ಸಿಕ್ಕಿದ್ದು ಹಣವಲ್ಲ, ಪೇಮಾಸ್ಟರ್ ಜನರಲ್ ಜಾನ್ ಪಿಯರ್ಸ್ ಸಹಿ ಹಾಕಿದ ಅಂತಿಮ ಲೆಕ್ಕದ ಪತ್ರ. ಹೊಟ್ಟೆಗೆ ಬೇಕು, ಬಟ್ಟೆಗೆ ಬೇಕು, ಊರಿಗೆ ಹೋಗಲು ದಾರಿಖರ್ಚು ಬೇಕು. ಇಪ್ಪತ್ತು ಶಿಲಿಂಗಿನ ಪತ್ರವನ್ನು ಎರಡೂವರೆ ಶಿಲಿಂಗಿಗೆ ಮಾರಿದವರಿದ್ದಾರೆ. ಕನೆಕ್ಟಿಕಟ್‌ನ ಪರವಾಗಿಯೇ ಹೋರಾಡಿದ ಜೋಸೆಫ್ ಪ್ಲಂಬ್ ಮಾರ್ಟಿನ್, ಮೈಮೇಲೆ ಮಾನವಾದ ಬಟ್ಟೆ ಹಾಕಿಕೊಳ್ಳಲು ತನ್ನ ಪತ್ರಗಳಲ್ಲಿ ಕೆಲವನ್ನು ಮಾರಿದೆ ಎಂದು ಮುಪ್ಪಿನಲ್ಲಿ ಬರೆದಿದ್ದಾನೆ. ಕೊಂಡವರಲ್ಲಿ ದೊಡ್ಡ ವರ್ತಕರೂ ಇದ್ದರು, ಮುಂದೆ ಅಧ್ಯಕ್ಷರಾದ ಜಾನ್ ಆಡಮ್ಸ್ ಅವರ ಪತ್ನಿ ಅಬಿಗೈಲ್ ಆಡಮ್ಸ್ ಅವರೂ ಇದ್ದರು.

1790ರ ಜನವರಿಯಲ್ಲಿ ಹ್ಯಾಮಿಲ್ಟನ್, ಪತ್ರ ಯಾರ ಕೈಯಲ್ಲಿದೆಯೋ ಅವರಿಗೇ ಪೂರ್ತಿ ಸಲ್ಲಬೇಕು ಎಂದ. ಅದಿಲ್ಲದೆ ಮುಂದೆ ಸರ್ಕಾರದ ಪತ್ರವನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಅವನ ವಾದ. ಮೊದಲು ದುಡಿದವನಿಗೂ ಪಾಲು ಕೊಡಿ ಎಂದು ಕಾಂಗ್ರೆಸ್ ಸದಸ್ಯ ಮ್ಯಾಡಿಸನ್ ಎದ್ದುನಿಂತ. ಫೆಬ್ರುವರಿಯಲ್ಲಿ ಮತಕ್ಕೆ ಹಾಕಿದಾಗ 36ಕ್ಕೆ 13ರಲ್ಲಿ ಮ್ಯಾಡಿಸನ್ ಸೋತ. ತರಗತಿಯಲ್ಲಿ ನಾನು ಪ್ರತಿವರ್ಷ ಹ್ಯಾಮಿಲ್ಟನ್ ಲೆಕ್ಕವೇ ಸರಿ ಎಂದು ಹೇಳಿಕೊಟ್ಟೆ. ಈ ಗೀಟನ್ನು ನೋಡಿದ ಮೇಲೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ.

ನಾಣ್ಯಪೆಟ್ಟಿಗೆ ಬರೆದದ್ದು:

ಬರೆದುಕೊಟ್ಟದ್ದೆಲ್ಲ ನಷ್ಟದ ಮಾರಾಟ ಎಂದುಕೊಳ್ಳಬೇಕಾಗಿಲ್ಲ. ಹಾರ್ಟ್‌ಫರ್ಡ್‌ಗೆ ಹೋಗುವ ನೆರೆಯವನಿಗೆ ‘ನನ್ನ ಹಣ ತಂದುಕೊಡು’ ಎಂದು ಒಪ್ಪಿಸಿರಬಹುದು. ಅಂಗಡಿಯ ಸಾಲಕ್ಕೆ ಜಮಾ ಮಾಡಿರಬಹುದು. ಹಿಂಬದಿಯ ಬರಹ ಒಂದೇ ಇದನ್ನು ಹೇಳಲಾರದು. ಇದನ್ನೆಲ್ಲ ಮುಂಬದಿ ಮಾತ್ರ ತೋರಿಸುವ ಚೌಕಟ್ಟಿನಲ್ಲಿ ಹಾಕಿ ಗೋಡೆಗೆ ತೂಗುಹಾಕುವವರನ್ನು ಕಂಡಿದ್ದೇನೆ, ನಾನೂ ಹಾಗೆ ಹಾಕಿದ್ದೇನೆ. ಇಂದು ಸಂಜೆ ಬಿಚ್ಚುತ್ತೇನೆ.

ಚಾರ್ಲ್ಸ್‌ನದಿ ಬರೆದದ್ದು:

ಇದೇ ಕಾರಣಕ್ಕೆ ನಾನು ಹೆಸರುಗಳನ್ನು ಹಿಂಬಾಲಿಸುತ್ತೇನೆ. ಕನೆಕ್ಟಿಕಟ್ ದಾಖಲೆಗಳಲ್ಲಿ ಲಿಬರ್ಟಿ, ಫ್ರೀಡಮ್, ಫ್ರೀಮನ್ ಎಂಬ ಮನೆತನದ ಹೆಸರುಗಳು ಕಣ್ಣಿಗೆ ಬಿದ್ದರೆ ಅಲ್ಲಿ ನಿಲ್ಲಿ. ಗುಲಾಮಗಿರಿಯಿಂದ ಹೊರಬಂದು ಸೈನ್ಯ ಸೇರಿದ ಕಪ್ಪು ಜನರು ಇಟ್ಟುಕೊಂಡ ಹೆಸರುಗಳವು. ಅಂಥವರ ಸಂಬಳದ ಚೀಟಿಗೆ ಈಗ ಬೆಲೆ ಏರಿದೆ. ನನ್ನ ಕೈಗೆ ಒಂದು ಬಂದಾಗ ಅದರ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟ ನಂತರವೇ ಪೆಟ್ಟಿಗೆಗೆ ಇಟ್ಟೆ.

ಹಳೆಕಾಗದ ಅವರೇ, 1818ರಲ್ಲಿ ಬಡ ಯೋಧರಿಗೆ ತಿಂಗಳಿಗೆ ಎಂಟು ಡಾಲರ್ ಪಿಂಚಣಿ ಕೊಡುವ ಕಾನೂನು ಬಂತು. 1820ರಲ್ಲಿ ಬಡತನವನ್ನು ರುಜುವಾತು ಮಾಡಲು ಆಸ್ತಿಯ ಪಟ್ಟಿ ಕೊಡಿ ಎಂದರು. ಆ ಕಡತಗಳ ಚಿತ್ರಗಳನ್ನು ಮನೆಯಲ್ಲೇ ಕೂತು ನೋಡಬಹುದು. ನಿಮ್ಮವನ ಹೆಸರು ಹುಡುಕಿ.

ಹಳೆಕಾಗದ ಬರೆದದ್ದು:

ನಾಲ್ಕು ರಾತ್ರಿ ಹುಡುಕಿದೆ. ಅದೇ ಹೆಸರಿನ ಇಬ್ಬರು ಸಿಕ್ಕರು. ಒಬ್ಬನ ಅರ್ಜಿಯಲ್ಲಿ ಚೆಂದದ ಸಹಿ ಇದೆ, ಅವನಲ್ಲ. ಇನ್ನೊಬ್ಬನದು 1820ರ ಆಸ್ತಿ ಪಟ್ಟಿ. ಒಂದು ಹಸು, ಒಂದು ಕಬ್ಬಿಣದ ಮಡಕೆ, ಒಂದು ಹಳೆಯ ಕೊಡಲಿ, ಮೂರು ಕುರ್ಚಿ. ಜಮೀನು ಇಲ್ಲ. ಎದುರಿಗೆ ಸಾಲದ ಪಟ್ಟಿ ಇದಕ್ಕಿಂತ ಉದ್ದವಾಗಿದೆ. ಕೆಳಗೆ ಗುರುತು. ಅದನ್ನು ಮುದ್ರಿಸಿ ಚೀಟಿಯ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದೇನೆ. ಎರಡರಲ್ಲೂ ಎಡದಿಂದ ಇಳಿಯುವ ಗೀಟು ಉದ್ದ, ಬಲದಿಂದ ಇಳಿಯುವುದು ಗಿಡ್ಡ, ಕೊನೆಯಲ್ಲಿ ಲೇಖನಿ ಒತ್ತಿನಿಂತ ಚುಕ್ಕೆ. 1820ರದ್ದು ನಡುಗಿದೆ.

ಚಾರ್ಲ್ಸ್‌ನದಿ ಬರೆದದ್ದು:

ಗೀಟಿನ ಹೋಲಿಕೆ ಸಾಕ್ಷಿಯಾಗುವುದಿಲ್ಲ. ಅರ್ಜಿಯಲ್ಲಿ ತುಕಡಿಯ ಕ್ಯಾಪ್ಟನ್ ಯಾರು ಎಂದು ಬರೆದಿರಲೇಬೇಕು. ಚೀಟಿಯ ಮುಂಬದಿಯಲ್ಲಿರುವ ಹೆಸರಿನ ಜೊತೆ ತಾಳೆ ನೋಡಿ.

ಹಳೆಕಾಗದ ಬರೆದದ್ದು:

ಈಗಷ್ಟೇ ನೋಡಿದೆ. ಎರಡರಲ್ಲೂ ಕ್ಯಾಪ್ಟನ್ ಒಬ್ಬನೇ.